ನೀರಿನಡಿ ಇನ್ನೊಬ್ಬರ ಉಸಿರು: ಡೈವ್‌ಮಾಸ್ಟರ್ ಕಾರ್ಡಿಗೆ ಎಷ್ಟು ಬೆಲೆ?

ಮಂಡ್ಯದಿಂದ ಅಕ್ಕನ ಮಗ ಫೋನ್ ಮಾಡಿದ್ದ. ಗೆಳೆಯರ ಜೊತೆ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವುದನ್ನು, ಮಾಡಿ ಬಂದು ಇನ್ನೂ ಎರಡು ದಿನ ಆಗಿರಲಿಲ್ಲ. "ಮಾವ, ಮೀನೆಲ್ಲ ಮುಖದ ಹತ್ರಕ್ಕೇ ಬರ್ತವೆ. ನಾನೂ ಪ್ರೊಫೆಷನಲ್ ಆಗ್ಬೇಕು ಅಂತಿದೀನಿ. ಎರಡು ಮೂರು ತಿಂಗಳಲ್ಲಿ ಡೈವ್‌ಮಾಸ್ಟರ್ ಆಗ್ಬೋದಂತೆ. ದುಡ್ಡು ಹಾಕ್ಲಾ, ಬ್ಯಾಡ್ವಾ?"

ದುಡ್ಡು ಅಂದರೆ ಅಕ್ಕ ಚೀಟಿ ಹಾಕಿ ಕೂಡಿಸಿಟ್ಟದ್ದು. ಹಾಗಾಗಿ ಹೂಂ ಅಂತಲೋ ಬೇಡ ಅಂತಲೋ ಒಂದೇ ಮಾತಲ್ಲಿ ಮುಗಿಸಲು ಮನಸ್ಸಾಗಲಿಲ್ಲ. ಡೈವ್‌ಮಾಸ್ಟರ್ ಅಂದರೆ ಸ್ಕೂಬಾ ಮಾಡುವವರನ್ನು ನೀರಿನಡಿ ಕರೆದೊಯ್ದು ನೋಡಿಕೊಳ್ಳುವವನು. ನಾನು ಆ ಕೋರ್ಸ್ ಮಾಡಿ, ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಎರಡು ಸೀಸನ್ ಕೆಲಸ ಮಾಡಿದವನು. ಈಗ ಮೈಸೂರಿನಲ್ಲಿ ಬೇರೆ ಉದ್ಯೋಗ. ಆ ಕಾರ್ಡು ನನಗೆ ಏನು ಕೊಟ್ಟಿತು, ಏನು ಕೊಡಲಿಲ್ಲ ಎಂದು ಅವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಮೈಸೂರು, ಮಂಡ್ಯ ಕಡೆಯ ಬೇರೆ ಹುಡುಗರು, ಹುಡುಗಿಯರು, ಅವರ ಮನೆಯವರು ಕೂಡ ಇದೇ ಪ್ರಶ್ನೆ ಕೇಳುವುದನ್ನು ನೋಡಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಅವನು ನೇತ್ರಾಣಿಯಲ್ಲಿ ಮಾಡಿದ್ದು ಟ್ರೈ ಡೈವ್. ಅದು ರುಚಿ ನೋಡುವುದಕ್ಕೆ ಮಾತ್ರ. ಬೆನ್ನ ಹಿಂದೆ ಸಿಲಿಂಡರ್ ಹಿಡಿದುಕೊಂಡು ಒಬ್ಬ ಇನ್‌ಸ್ಟ್ರಕ್ಟರ್ ಇರುತ್ತಾನೆ. ತೇಲಲು, ಇಳಿಯಲು ನೆರವಾಗುವ ಜಾಕೆಟ್ಟಿಗೆ ಗಾಳಿ ತುಂಬುವವನು, ಬಿಡುವವನು, ಎಷ್ಟು ಆಳಕ್ಕೆ ಇಳಿಯಬೇಕೆಂದು ನಿರ್ಧರಿಸುವವನು ಎಲ್ಲ ಅವನೇ. 12 ಮೀಟರ್‌ಗಿಂತ ಕೆಳಗೆ ಇಳಿಸುವಂತಿಲ್ಲ. ಕೊನೆಗೆ ಕೈಗೆ ಬರುವ ಫೋಟೊ, ವಿಡಿಯೊ, ಸರ್ಟಿಫಿಕೇಟು ನೆನಪಿಗೆ. ಅದನ್ನು ತೋರಿಸಿ ಇನ್ನೊಂದು ಕಡೆ ಸ್ವತಂತ್ರವಾಗಿ ಇಳಿಯಲಾಗದು.

ನಿಜವಾದ ಮೆಟ್ಟಿಲುಗಳು ಅಲ್ಲಿಂದ ಮುಂದೆ. ಓಪನ್ ವಾಟರ್ ಕೋರ್ಸ್ ಮುಗಿಸಿದರೆ ಜೊತೆಗಾರನೊಂದಿಗೆ 18 ಮೀಟರ್‌ವರೆಗೆ ಇಳಿಯಬಹುದು. ಅಡ್ವಾನ್ಸ್ಡ್ ಮಾಡಿದರೆ 30 ಮೀಟರ್. ಅದಾದ ಮೇಲೆ ರೆಸ್ಕ್ಯೂ ಡೈವರ್. ಇಲ್ಲಿಯವರೆಗೆ ನೀವು ಹವ್ಯಾಸಿ. ಡೈವ್‌ಮಾಸ್ಟರ್ ಎಂಬುದು ವೃತ್ತಿಪರರ ಸಾಲಿನ ಮೊದಲ ಮೆಟ್ಟಿಲು, ಇನ್‌ಸ್ಟ್ರಕ್ಟರ್ ಅದರ ಮೇಲಿನದು. ಹವ್ಯಾಸಿ ಡೈವಿಂಗ್‌ನ ಮಿತಿ 40 ಮೀಟರ್. ವೃತ್ತಿಪರ ಕಾರ್ಡು ಬಂತೆಂದು ಆ ಮಿತಿ ಒಂದು ಅಡಿಯೂ ಹೆಚ್ಚುವುದಿಲ್ಲ. ಇದನ್ನು ಕೇಳಿ ಅಕ್ಕನ ಮಗನಿಗೆ ನಿರಾಸೆಯಾಯಿತು. ಅವನು ಡೈವ್‌ಮಾಸ್ಟರ್ ಅಂದರೆ ಎಲ್ಲರಿಗಿಂತ ಆಳಕ್ಕೆ ಹೋಗುವವನು ಅಂದುಕೊಂಡಿದ್ದ.

ಈ ಕಾರ್ಡು ಕೊಡುವವರು ಯಾರು? ಡ್ರೈವಿಂಗ್ ಲೈಸೆನ್ಸಿನಂತೆ ಇದು ಆರ್‌ಟಿಒ ಕೊಡುವ ಪತ್ರವಲ್ಲ. ತರಬೇತಿ ಸಂಸ್ಥೆಗಳೇ ಕೊಡುತ್ತವೆ. ಅಮೆರಿಕದಲ್ಲಿ 1966ರಲ್ಲಿ ಶುರುವಾದ ಪ್ಯಾಡಿ, ಅದಕ್ಕೂ ಮೊದಲು 1960ರಲ್ಲಿ ಹುಟ್ಟಿದ ನಾವಿ, 1970ರ ಎಸ್‌ಎಸ್‌ಐ, 1959ರಲ್ಲಿ ಫ್ರೆಂಚ್ ಸಮುದ್ರ ಅನ್ವೇಷಕ ಝಾಕ್ ಕುಸ್ತೊ ಮೊದಲ ಅಧ್ಯಕ್ಷರಾಗಿ ಆರಂಭವಾದ ಸಿಮಾಸ್ ಇವು ಎದ್ದು ಕಾಣುವ ಹೆಸರುಗಳು. ಯಾವ ಸಂಸ್ಥೆಯದು ಮೇಲು ಎಂಬ ಚರ್ಚೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಡೈವ್ ಲೀಡರ್‌ಗೆ, ಅಂದರೆ ಡೈವ್‌ಮಾಸ್ಟರ್ ಹಂತದವರಿಗೆ, ಏನೇನು ತಿಳಿದಿರಬೇಕೆಂದು ಐಎಸ್‌ಒ 24801-3 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ, ಇನ್‌ಸ್ಟ್ರಕ್ಟರ್‌ಗೆ ಐಎಸ್‌ಒ 24802 ಇದೆ. ಕಾರ್ಡಿನ ಹಿಂದೆ ಇಂಥ ಮಾನದಂಡ ಇದೆಯೇ ಎಂದು ನೋಡಿಕೊಂಡರೆ ಸಾಕು. ಕಾರ್ಡಿನ ಬಣ್ಣಕ್ಕಿಂತ, ಕಲಿಸುವ ಮನುಷ್ಯ ಯಾರು ಎಂಬುದೇ ಮುಖ್ಯ.

ದಮ್ಮು ಕಟ್ಟುವ ಊರಿನವರು

ನಮ್ಮ ಕಡೆಯವರಿಗೆ ನೀರು ಹೊಸದಲ್ಲ. ನಾನು ಈಜು ಕಲಿತದ್ದು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಅಜ್ಜಿಯ ಊರಿನ ಬಾವಿಯಲ್ಲಿ. ಬೇಸಿಗೆ ರಜೆಯಲ್ಲಿ ನಮಗಿದ್ದ ಪಂದ್ಯ ಒಂದೇ: ಯಾರು ಹೆಚ್ಚು ಹೊತ್ತು ದಮ್ಮು ಕಟ್ಟಿ ತಳದಲ್ಲಿ ಕೂರುತ್ತಾರೆ, ಯಾರು ತಳದ ಮಣ್ಣು ಹಿಡಿದು ಬರುತ್ತಾರೆ. ಸ್ಕೂಬಾದಲ್ಲಿ ನಾನು ಮರೆಯಬೇಕಾಗಿ ಬಂದ ಮೊದಲ ಅಭ್ಯಾಸವೇ ಅದು. ಸಿಲಿಂಡರಿನ ಗಾಳಿ ಉಸಿರಾಡುವಾಗ ಯಾವ ಕಾರಣಕ್ಕೂ ಉಸಿರು ಕಟ್ಟಬಾರದು.

ಯಾಕೆಂದು ಹೇಳಲು ಚಾಮುಂಡಿ ಬೆಟ್ಟದಿಂದ ಶುರುಮಾಡುತ್ತೇನೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಟ್ಟದ ತುದಿ ಅದಕ್ಕಿಂತ ಸುಮಾರು 300 ಮೀಟರ್ ಮೇಲೆ. ಬಸ್ಸಿನಲ್ಲಿ ಬೆಟ್ಟ ಹತ್ತುವಾಗ ಕೆಲವರಿಗೆ ಕಿವಿ ಕಟ್ಟಿದಂತಾಗುತ್ತದಲ್ಲ, ಅದು ಗಾಳಿಯ ಒತ್ತಡ ಬದಲಾದದ್ದರಿಂದ. ಅಷ್ಟು ದೊಡ್ಡ ಬೆಟ್ಟ ಹತ್ತಿದಾಗ ಆಗುವ ಒತ್ತಡದ ವ್ಯತ್ಯಾಸ ನೀರಿನಲ್ಲಿ ಎಷ್ಟು ಇಳಿದರೆ ಆಗುತ್ತದೆ ಗೊತ್ತೇ? ಸುಮಾರು ಒಂದು ಅಡಿ. ನೀರು ಅಷ್ಟು ಭಾರ. 10 ಮೀಟರ್ ಇಳಿದರೆ ಒತ್ತಡ ಸಮುದ್ರದ ದಂಡೆಯಲ್ಲಿ ಇದ್ದದ್ದರ ಎರಡು ಪಟ್ಟು, 20 ಮೀಟರ್‌ಗೆ ಮೂರು ಪಟ್ಟು, 30ಕ್ಕೆ ನಾಲ್ಕು.

ಒತ್ತಡ ಎರಡು ಪಟ್ಟಾದರೆ ಗಾಳಿ ಅರ್ಧ ಜಾಗಕ್ಕೆ ಕುಗ್ಗುತ್ತದೆ. ಬಾವಿಯಲ್ಲಿ ದಮ್ಮು ಕಟ್ಟಿ ಮುಳುಗಿದಾಗ ಎದೆಯೊಳಗಿನ ಗಾಳಿ ಕುಗ್ಗಿ, ಮೇಲೆ ಬರುವಾಗ ಮೊದಲಿದ್ದಷ್ಟೇ ಆಗುತ್ತಿತ್ತು; ಅದರಿಂದ ಅಪಾಯವಿರಲಿಲ್ಲ. ಸ್ಕೂಬಾದಲ್ಲಿ ಹಾಗಲ್ಲ. 10 ಮೀಟರ್ ಆಳದಲ್ಲಿ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್ ಅಲ್ಲಿನ ಒತ್ತಡಕ್ಕೆ ಸರಿಹೊಂದುವ ಗಾಳಿಯನ್ನೇ ಕೊಡುತ್ತದೆ. ಅಲ್ಲಿ ಶ್ವಾಸಕೋಶದ ತುಂಬ 6 ಲೀಟರ್ ಗಾಳಿ ಎಳೆದುಕೊಂಡು, ಗಾಬರಿಯಿಂದ ಬಾಯಿ ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಅದು 12 ಲೀಟರ್ ಆಗಲು ಹೊರಡುತ್ತದೆ. ಶ್ವಾಸಕೋಶ ಅಷ್ಟು ಹಿಗ್ಗುವುದಿಲ್ಲ, ಹರಿಯುತ್ತದೆ. ಗಾಳಿಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಆಳ ಸಮುದ್ರವೇ ಬೇಕಿಲ್ಲ, ಈಜುಕೊಳದ ಆಳದಲ್ಲೂ ಇದು ಆಗಬಹುದು. ಗಾಳಿ ಅತಿ ವೇಗವಾಗಿ ಹಿಗ್ಗುವುದು ಕೊನೆಯ ಕೆಲವು ಮೀಟರ್‌ಗಳಲ್ಲೇ.

ಓಪನ್ ವಾಟರ್ ಕೋರ್ಸಿನಲ್ಲಿ ಇದನ್ನೆಲ್ಲ ನಿಮ್ಮ ಮೈಗೆ ಅನ್ವಯಿಸಿಕೊಂಡು ಕಲಿಯುತ್ತೀರಿ. ಡೈವ್‌ಮಾಸ್ಟರ್ ಕೋರ್ಸಿನಲ್ಲಿ ಇದನ್ನೇ ಇನ್ನೊಬ್ಬರ ಮೈಯಲ್ಲಿ ಓದಲು ಕಲಿಯುತ್ತೀರಿ. ನನ್ನ ಮಟ್ಟಿಗೆ ಆ ಕಾರ್ಡಿನ ಸತ್ವ ಇಷ್ಟರಲ್ಲೇ ಇದೆ. ಎದುರಿಗಿರುವವರ ಕಣ್ಣು ಮಾಸ್ಕಿನೊಳಗೆ ಅಗಲವಾಗಿದೆಯೇ, ಬಿಡುವ ಗುಳ್ಳೆಗಳು ಒಂದೇ ಲಯದಲ್ಲಿವೆಯೇ ಅಥವಾ ಎಡೆಬಿಡದೆ ಬರುತ್ತಿವೆಯೇ, ಕೈ ಯಾಕೆ ಪದೇ ಪದೇ ಮಾಸ್ಕಿನ ಕಡೆ ಹೋಗುತ್ತಿದೆ, ಗುಳ್ಳೆ ಯಾಕೆ ನಿಂತಿತು ಎಂದು ಗಮನಿಸುವುದು. ನೀರಿನಡಿ ಗಾಬರಿ ಒಮ್ಮೆಲೇ ಬರುವುದಿಲ್ಲ. ಅದು ಬರುವ ದಾರಿ ಕಾಣುತ್ತದೆ. ಹಾಲು ಉಕ್ಕುವ ಮೊದಲು ಅಂಚಿನಲ್ಲಿ ಏಳುವ ನೊರೆಯನ್ನು ಅಡುಗೆ ಮಾಡುವವರು ನೋಡಿಯೇ ಒಲೆ ಸಣ್ಣ ಮಾಡುತ್ತಾರಲ್ಲ, ಹಾಗೆ.

ಗಾಳಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಬಳಸುವ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರ್. ಅದರಲ್ಲಿ 200 ಬಾರ್, ಅಂದರೆ ಸಮುದ್ರದ ದಂಡೆಯ ಗಾಳಿಗಿಂತ ಸುಮಾರು 200 ಪಟ್ಟು, ಒತ್ತಡಕ್ಕೆ ಗಾಳಿ ತುಂಬಿದರೆ ಸುಮಾರು 2,200 ಲೀಟರ್ ಆಯಿತು. 50 ಬಾರ್ ಮೀಸಲು ಇಟ್ಟು ಮೇಲೆ ಬರಬೇಕು, ಹಾಗಾಗಿ ಖರ್ಚಿಗೆ ಸಿಗುವುದು 1,650 ಲೀಟರ್. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವ ಸಮಾಧಾನಿ, 20 ಮೀಟರ್ ಆಳದಲ್ಲಿ ಮೂರು ಪಟ್ಟು, ಅಂದರೆ 60 ಲೀಟರ್ ಖರ್ಚು ಮಾಡುತ್ತಾನೆ. ಅವನಿಗೆ 27 ನಿಮಿಷ. ಅದೇ ಗುಂಪಿನಲ್ಲಿ ಭಯಪಟ್ಟು ಎರಡರಷ್ಟು ಉಸಿರಾಡುವವನಿಗೆ 14 ನಿಮಿಷ ಸಿಕ್ಕರೆ ಹೆಚ್ಚು. ಹವ್ಯಾಸಿ ಎಷ್ಟು ಗಾಳಿ ಉಳಿದಿದೆಯೆಂದು ತೋರಿಸುವ ತನ್ನ ಗೇಜ್ ನೋಡಿಕೊಂಡು ನಿಶ್ಚಿಂತೆಯಿಂದ ಇರುತ್ತಾನೆ. ಡೈವ್‌ಮಾಸ್ಟರ್ ಆದವನು ನೀರಿಗಿಳಿದ ಐದನೇ ನಿಮಿಷಕ್ಕೇ ನಾಲ್ಕು ಜನರ ಗೇಜ್ ಕೇಳಿ, ಯಾರದ್ದು ಬೇಗ ಮುಗಿಯುತ್ತದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಆ ಒಬ್ಬನಿಗೆ ಸರಿಯಾಗಿ ಇಡೀ ಡೈವ್ ತಿರುಗಿಸಬೇಕು. ಆ ಒಬ್ಬನಿಗೆ ತನ್ನಿಂದ ಎಲ್ಲರದ್ದೂ ಕೆಟ್ಟಿತು ಅನಿಸದಂತೆ ಮಾಡುವುದೂ ಅದೇ ಕೆಲಸದ ಭಾಗ.

ಘಟ್ಟ ಹತ್ತುವ ಮೊದಲು

ಇನ್ನೊಂದು ವಿಷಯ ಮೈಸೂರು, ಮಂಡ್ಯದವರಿಗೆಂದೇ ಹೇಳಬೇಕಾದದ್ದು. ಇದನ್ನು ಟ್ರೈ ಡೈವ್ ಮಾಡಿಸುವ ಕಡೆ ಒತ್ತಿ ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ.

ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿರುವ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ, ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ಆಳ ಮತ್ತು ಸಮಯ ಹೆಚ್ಚಿದಂತೆ ಅದೂ ಹೆಚ್ಚು. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಮೂಲಕ ಸದ್ದಿಲ್ಲದೆ ಹೊರಗೆ ಹೋಗುತ್ತದೆ. ಅವಸರ ಮಾಡಿದರೆ ಗೋಲಿ ಸೋಡಾದ ಗೋಲಿ ಒತ್ತಿದಂತೆ, ಕರಗಿದ್ದದ್ದು ಗುಳ್ಳೆಯಾಗಿ ಏಳುತ್ತದೆ. ಕೀಲುನೋವು, ಮರಗಟ್ಟುವಿಕೆ, ಕೆಲವೊಮ್ಮೆ ಪಾರ್ಶ್ವವಾಯುವಿನಂಥ ಸ್ಥಿತಿ. ಇದನ್ನೇ ಬೆಂಡ್ಸ್ ಅನ್ನುತ್ತಾರೆ. ಅದಕ್ಕಾಗಿ ನಿಮಿಷಕ್ಕೆ 9 ಮೀಟರ್‌ಗಿಂತ ಹೆಚ್ಚು ವೇಗವಿಲ್ಲದೆ ಏರುವುದು, 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲುವುದು ಎಂಬ ರೂಢಿ.

ಆದರೆ ದೋಣಿ ಹತ್ತಿದ ಮೇಲೂ ಸ್ವಲ್ಪ ಸಾರಜನಕ ಮೈಯಲ್ಲೇ ಉಳಿದಿರುತ್ತದೆ. ಆಗ ಇನ್ನೂ ಕಡಿಮೆ ಒತ್ತಡದ ಜಾಗಕ್ಕೆ, ಅಂದರೆ ಎತ್ತರಕ್ಕೆ ಹೋದರೆ ಗುಳ್ಳೆ ಏಳುವ ಅಪಾಯ ಮತ್ತೆ ಬಂತು. ಡ್ಯಾನ್ ಎಂದೇ ಪರಿಚಿತವಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವ ಪ್ರಕಾರ ಒಂದೇ ಡೈವ್ ಮಾಡಿದ್ದರೆ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದ್ದರೆ 18 ಗಂಟೆ ಕಾಯಬೇಕು. ಈ ಸಲಹೆ ಅನ್ವಯಿಸುವುದು ವಿಮಾನದೊಳಗಿನ ಒತ್ತಡ 2,000ದಿಂದ 8,000 ಅಡಿ ಎತ್ತರದ್ದಕ್ಕೆ ಸಮನಾಗಿದ್ದಾಗ. ಮೈಸೂರು ಸುಮಾರು 2,500 ಅಡಿ ಎತ್ತರದಲ್ಲಿದೆ. ಮಡಿಕೇರಿ 3,800 ಅಡಿಯ ಸುತ್ತಮುತ್ತ. ವಿಮಾನದ ಮಾತು ಬಂದಾಗ ಎಚ್ಚರವಾಗುವ ನಾವು, ಮಧ್ಯಾಹ್ನ ಡೈವ್ ಮುಗಿಸಿ ರಾತ್ರಿ ಬಸ್ಸಿಗೆ ಘಟ್ಟ ಹತ್ತುವಾಗ ಅದನ್ನು ನೆನೆಯುವುದಿಲ್ಲ. ಮೈಗೆ ವಿಮಾನ, ಬಸ್ಸು ಎಂಬ ಭೇದ ತಿಳಿಯದು, ಎತ್ತರ ಮಾತ್ರ ತಿಳಿಯುತ್ತದೆ.

ಒಮ್ಮೆ ಮೈಸೂರಿನ ಗೆಳೆಯರ ಗುಂಪೊಂದರ ಜೊತೆ ಮುರುಡೇಶ್ವರಕ್ಕೆ ಹೋಗಿದ್ದೆ. ಎಲ್ಲರೂ ಕಾರ್ಡು ಇದ್ದವರು, ಬೆಳಿಗ್ಗೆ ಎರಡು ಡೈವ್ ಆಗಿತ್ತು. ಸಂಜೆಯೇ ಟೆಂಪೊ ಟ್ರಾವೆಲರ್ ಹತ್ತಿ ಮಂಗಳೂರು, ಮಡಿಕೇರಿ ದಾರಿಯಾಗಿ ಮನೆಗೆ ಹೊರಡುವ ಯೋಚನೆ. ನಾನು ಬೇಡವೆಂದೆ. ಸೋಮವಾರ ಕೆಲಸಕ್ಕೆ ಹೋಗಬೇಕಾದವರು ಮುಖ ಗಂಟಿಕ್ಕಿದರು, ಒಬ್ಬರು ನನ್ನ ಜೊತೆ ಊಟಕ್ಕೂ ಕೂರಲಿಲ್ಲ. ರಾತ್ರಿ ಅಲ್ಲೇ ಉಳಿದು ಮರುದಿನ ಹೊರಟೆವು. ಯಾರಿಗೂ ಏನೂ ಆಗಲಿಲ್ಲ. ಆ ಸಂಜೆಯೇ ಹೊರಟಿದ್ದರೂ ಏನೂ ಆಗದೇ ಇರಬಹುದಿತ್ತು. ಈ ಕೆಲಸದಲ್ಲಿ ನೀವು ಸರಿಯಾಗಿ ಮಾಡಿದ್ದಕ್ಕೆ ಸಾಕ್ಷಿ ಇರುವುದಿಲ್ಲ, ಏನೂ ಆಗದಿರುವುದೇ ಫಲ. ಅಂಥ ಸಂಜೆಯಲ್ಲಿ ಸ್ನೇಹಿತರ ಮುನಿಸು ಸಹಿಸಿ ಬೇಡ ಎನ್ನುವ ಧೈರ್ಯ ನನಗೆ ಮೊದಲು ಇರಲಿಲ್ಲ. ಕೋರ್ಸು ಕೊಟ್ಟದ್ದು ಅದನ್ನು.

ಕೋರ್ಸಿನಲ್ಲಿ ಏನು ಮಾಡಿಸುತ್ತಾರೆ

ಪ್ಯಾಡಿಯ ಲೆಕ್ಕ ಹೇಳುತ್ತೇನೆ, ನಾನು ಮಾಡಿದ್ದು ಅದನ್ನೇ. ವಯಸ್ಸು 18 ಆಗಿರಬೇಕು. ರೆಸ್ಕ್ಯೂ ಡೈವರ್ ಕಾರ್ಡು ಇರಬೇಕು, ಕಳೆದ 24 ತಿಂಗಳೊಳಗೆ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ (ಎದೆ ಒತ್ತಿ, ಉಸಿರು ಕೊಡುವುದು) ತರಬೇತಿ ಆಗಿರಬೇಕು, ವೈದ್ಯರ ಸಹಿ ಇರುವ ಆರೋಗ್ಯ ಪತ್ರ ಬೇಕು. ಶುರುಮಾಡಲು, ಮಾಡಿದ ಡೈವ್‌ಗಳನ್ನು ಬರೆದಿಡುವ ಲಾಗ್‌ಬುಕ್ಕಿನಲ್ಲಿ 40 ಡೈವ್, ಮುಗಿಸುವಾಗ 60. ನಾಲ್ಕು ನೀರಿನ ಪರೀಕ್ಷೆಗಳಿವೆ: ಏನೂ ಕಟ್ಟಿಕೊಳ್ಳದೆ 400 ಮೀಟರ್ ಈಜು, ಮಾಸ್ಕ್, ಉಸಿರಾಟದ ಕೊಳವೆಯಾದ ಸ್ನಾರ್ಕೆಲ್, ಕಾಲಿಗೆ ಫಿನ್ ಹಾಕಿಕೊಂಡು 800 ಮೀಟರ್, ದಣಿದವನನ್ನು ಎಳೆದುಕೊಂಡು 100 ಮೀಟರ್, ಮತ್ತೆ 15 ನಿಮಿಷ ನಿಂತ ಜಾಗದಲ್ಲೇ ತೇಲುವುದು, ಅದರಲ್ಲೂ ಕೊನೆಯ 2 ನಿಮಿಷ ಕೈ ನೀರಿನಿಂದ ಮೇಲೆ. 400 ಮೀಟರ್ ಅಂದರೆ 25 ಮೀಟರ್ ಈಜುಕೊಳದಲ್ಲಿ 16 ಸಲ. ನಾಲೆಯಲ್ಲಿ ಈಜಿ ಬೆಳೆದ ನಮ್ಮ ಹುಡುಗರಿಗೆ ತೋಳಿನ ಬಲ ಇರುತ್ತದೆ, ಲಯ ಇರುವುದಿಲ್ಲ. ನಾಲೆಯ ನೀರೇ ಅರ್ಧ ದೂರ ಹೊತ್ತು ತಂದಿರುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಬಗ್ಗಿಸಿದ್ದು ಸಲಕರಣೆ ಬದಲಿಸುವ ಪರೀಕ್ಷೆ. ಇಬ್ಬರು ನೀರಿನಡಿ ಇರುತ್ತಾರೆ, ಉಸಿರಾಡಲು ಒಂದೇ ರೆಗ್ಯುಲೇಟರ್. ನನ್ನ ಮಾಸ್ಕ್, ಫಿನ್, ಸಿಲಿಂಡರ್ ಸಮೇತ ಜಾಕೆಟ್ ಎಲ್ಲ ಬಿಚ್ಚಿ ಅವನಿಗೆ ಕೊಡಬೇಕು, ಅವನದ್ದನ್ನು ನಾನು ತೊಡಬೇಕು. ಎರಡು ಉಸಿರು ಎಳೆದುಕೊಂಡು ರೆಗ್ಯುಲೇಟರ್ ಅವನ ಕೈಗೆ ಕೊಟ್ಟು, ಸಣ್ಣಗೆ ಗುಳ್ಳೆ ಬಿಡುತ್ತಾ ಕಾಯಬೇಕು. ಮಾಸ್ಕ್ ಇಲ್ಲದ ಕಣ್ಣಿಗೆ ಎಲ್ಲ ಮಸುಕು. ನಿಜ ಜೀವನದಲ್ಲಿ ಯಾರೂ ಸಮುದ್ರದ ತಳದಲ್ಲಿ ಬಟ್ಟೆ ಅದಲುಬದಲು ಮಾಡಿಕೊಳ್ಳುವುದಿಲ್ಲ, ಇದರಿಂದ ಏನು ಉಪಯೋಗ ಎಂದು ಕೇಳುವವರಿದ್ದಾರೆ. ನನಗೂ ಮೊದಲು ಹಾಗೇ ಅನಿಸಿತ್ತು. ಮೊದಲ ಸಲ ನಾನು ಅವನಿಗೆ ರೆಗ್ಯುಲೇಟರ್ ಕೊಟ್ಟು, ವಾಪಸ್ ಕೊಡುವ ಮೊದಲೇ ಕೈ ಚಾಚಿ ಕಿತ್ತುಕೊಂಡೆ. ಕಲಿಸುತ್ತಿದ್ದವರು ಮೇಲೆ ಬಂದ ಮೇಲೆ ಬೈಯಲಿಲ್ಲ. "ಈಗ ಗೊತ್ತಾಯಿತಲ್ಲ, ಗಾಬರಿಯಾದವನು ನಿನ್ನ ಬಾಯಿಂದ ಯಾಕೆ ಕಿತ್ತುಕೊಳ್ಳುತ್ತಾನೆ ಅಂತ" ಅಂದರು. ಅಂದಿನಿಂದ ನೀರಿನಲ್ಲಿ ಗಾಬರಿಯಾದವರ ಮೇಲೆ ನನಗೆ ಸಿಟ್ಟು ಬಂದಿಲ್ಲ.

ಇದಲ್ಲದೆ ನಕ್ಷೆ ಬರೆಯುವುದು, ಬ್ರೀಫಿಂಗ್ ಮಾಡುವುದು (ಇಳಿಯುವ ಮೊದಲು ಎಲ್ಲರಿಗೂ ವಿವರಿಸಿ ಹೇಳುವುದು), ವಿದ್ಯಾರ್ಥಿಗಳ ಹಿಂದೆ ನಿಂತು ಇನ್‌ಸ್ಟ್ರಕ್ಟರ್‌ಗೆ ನೆರವಾಗುವುದು ಎಲ್ಲ ಇದೆ. ಕಾರ್ಡು ಬಂದ ಮೇಲೆ ಡೈವ್‌ಮಾಸ್ಟರ್ ಮಾಡಬಹುದಾದದ್ದು ಮುಖ್ಯವಾಗಿ ಎರಡು: ಈಗಾಗಲೇ ಕಾರ್ಡು ಇರುವ ಡೈವರ್‌ಗಳನ್ನು ಕರೆದುಕೊಂಡು ಹೋಗುವುದು, ಇನ್‌ಸ್ಟ್ರಕ್ಟರ್ ಕಲಿಸುವಾಗ ಸಹಾಯ ಮಾಡುವುದು. ಹೊಸಬರಿಗೆ ತಾನೇ ಕಲಿಸಿ ಕಾರ್ಡು ಕೊಡುವಂತಿಲ್ಲ. ಅದಕ್ಕೆ ಇನ್‌ಸ್ಟ್ರಕ್ಟರ್ ಆಗಬೇಕು, 100 ಡೈವ್ ಆಗಿರಬೇಕು, ಮತ್ತು ಕಲಿಸಿದವರಲ್ಲದ ಬೇರೆ ಪರೀಕ್ಷಕರ ಎದುರು ಪರೀಕ್ಷೆ ಪಾಸಾಗಬೇಕು. ಡೈವ್‌ಮಾಸ್ಟರ್ ಹಂತದಲ್ಲಿ ಕಲಿಸಿದವರೇ ಅಂಕ ಕೊಡುತ್ತಾರೆ. ಹಾಗಾಗಿ ಸಡಿಲವಾಗಿ ಕಲಿಸುವ ಕಡೆ ಸಡಿಲ ಡೈವ್‌ಮಾಸ್ಟರ್ ತಯಾರಾಗುವ ಸಾಧ್ಯತೆ ಇದ್ದೇ ಇದೆ.

ವೃತ್ತಿಪರ ಸದಸ್ಯತ್ವ ಪ್ರತಿ ವರ್ಷ ಶುಲ್ಕ ಕಟ್ಟಿ ನವೀಕರಿಸಬೇಕಾದದ್ದು. ಓಪನ್ ವಾಟರ್ ಕಾರ್ಡು ಜೀವನಪೂರ್ತಿ ಇರುತ್ತದೆ. ಡೈವ್‌ಮಾಸ್ಟರ್ ಆಗಿ ಕೆಲಸ ಮಾಡಲು ಆ ವರ್ಷದ ಸದಸ್ಯತ್ವ ಚಾಲ್ತಿಯಲ್ಲಿರಬೇಕು. ಇದನ್ನು ದುಡ್ಡು ಕಟ್ಟುವ ದಿನ ಹೇಳುವವರು ಕಡಿಮೆ.

ಕೆಲಸ, ಸಂಬಳ, ಭಾಷೆ

ಉದ್ಯೋಗದ ವಿಷಯದಲ್ಲಿ ಅಕ್ಕನಿಗೆ ನೇರವಾಗಿಯೇ ಹೇಳಿದೆ. ಇದು ಸೀಸನ್ ಕೆಲಸ. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ನೇತ್ರಾಣಿಗೆ ಬಿಡುವುದಿಲ್ಲ. ಬೆಳಿಗ್ಗೆ ಬೆಳಕು ಹರಿಯುವ ಮೊದಲು ಸಿಲಿಂಡರ್ ಹೊತ್ತು ದೋಣಿಗೆ ಹಾಕುವುದರಿಂದ ದಿನ ಶುರು, ಸಂಜೆ ಸಲಕರಣೆಯನ್ನೆಲ್ಲ ಸಿಹಿನೀರಿನಲ್ಲಿ ತೊಳೆದು ಒಣಹಾಕುವುದರಿಂದ ಮುಗಿಯುತ್ತದೆ. ನಡುವೆ ವಾಂತಿ ಮಾಡುವವರ ಬೆನ್ನು ಸವರುವುದೂ ಇದೆ. ಡೈವ್‌ಮಾಸ್ಟರ್ ಸಂಬಳವನ್ನೇ ನಂಬಿ ಮಂಡ್ಯದಲ್ಲಿ ಮನೆ ನಡೆಸುವುದು ಕಷ್ಟ. ಹಾಕಿದ ದುಡ್ಡು ಬೇಗ ವಾಪಸ್ ಬರಬೇಕು ಅನ್ನುವವರಿಗೆ ನಾನು ಇದನ್ನು ಹೇಳಲಾರೆ. ಇನ್‌ಸ್ಟ್ರಕ್ಟರ್ ಆಗುವ ತನಕ ಹೋಗುವ ತಾಳ್ಮೆ ಇದ್ದರೆ, ಅಥವಾ ಜೊತೆಗೆ ನೀರೊಳಗಿನ ಛಾಯಾಗ್ರಹಣ, ಸಮುದ್ರ ಜೀವಶಾಸ್ತ್ರದ ಓದು, ಎಂಜಿನ್ ರಿಪೇರಿ ಇಂಥ ಇನ್ನೊಂದು ಕೈಗುಣ ಇದ್ದರೆ ಮಾತು ಬೇರೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಹುಡುಗರಿಗೆ ಬೆಲೆ ಇದೆ, ಅದು ಕನ್ನಡ. ನೇತ್ರಾಣಿಗೆ ಬರುವವರಲ್ಲಿ ನಮ್ಮ ಊರುಗಳವರು ಬಹಳ. ಬ್ರೀಫಿಂಗ್ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಆದರೆ, ಅರ್ಥವಾಗದಿದ್ದರೂ ಸಂಕೋಚಕ್ಕೆ ತಲೆಯಾಡಿಸುವವರು ಇರುತ್ತಾರೆ. ಹೆಬ್ಬೆರಳು ಮೇಲೆತ್ತಿದರೆ ನಮ್ಮಲ್ಲಿ 'ಚೆನ್ನಾಗಿದೆ' ಅಂತ. ನೀರಿನಡಿ ಅದರ ಅರ್ಥ 'ಮೇಲೆ ಹೋಗೋಣ'. ಚೆನ್ನಾಗಿದ್ದರೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ತೋರಿಸಬೇಕು. ಸಂತೋಷದಿಂದ ಹೆಬ್ಬೆರಳೆತ್ತಿದವರನ್ನು ಮೇಲಕ್ಕೆ ಕರೆತಂದದ್ದೂ, ಅವರು ಯಾಕೆ ಎಂದು ಬೇಸರಪಟ್ಟದ್ದೂ ನಾನು ಕಂಡಿದ್ದೇನೆ. "ಮೂಗು ಹಿಡಿದು ಮೆತ್ತಗೆ ಊದಿ ಕಿವಿ ಬಿಡಿಸ್ಕೊಳ್ಳಿ, ನೋವು ಬರೋ ಮೊದಲೇ ಬಿಡಿಸ್ಕೊಳ್ಳಿ, ಬಿಡದಿದ್ರೆ ಕೈ ತೋರ್ಸಿ, ನಿಲ್ತೀನಿ" ಎಂದು ಮದ್ದೂರಿನಿಂದ ಬಂದ ಹೆಂಗಸೊಬ್ಬರಿಗೆ ಅವರ ಮಾತಿನಲ್ಲೇ ಹೇಳಿದಾಗ ಅವರ ಭುಜ ಇಳಿದದ್ದು ನನಗೆ ಕಾಣಿಸಿತು. ಅರ್ಥವಾದ ಮಾತು ನೀರಿನಡಿ ಒಂದು ಸಿಲಿಂಡರಿಗೆ ಸಮ ಎಂದು ನಾನು ನಂಬಿದ್ದೇನೆ.

ನಾಲೆಗೆ ಇಳಿಯಬೇಡ

ಡೈವ್‌ಮಾಸ್ಟರ್ ಕಾರ್ಡು ಇದೆಯೆಂದು ಊರಲ್ಲಿ ತಿಳಿದರೆ ಒಂದಲ್ಲ ಒಂದು ದಿನ ಫೋನ್ ಬರುತ್ತದೆ. ಯಾರೋ ಬಲಮುರಿಯಲ್ಲೋ ಮುತ್ತತ್ತಿಯಲ್ಲೋ ಮುಳುಗಿದ್ದಾರೆ, ನಾಲೆಗೆ ಕಾರು ಬಿದ್ದಿದೆ, ಬಂದು ಹುಡುಕಿಕೊಡಿ ಎಂದು. ನನಗೆ ಬಂದಿದೆ. ವಿಶ್ವೇಶ್ವರಯ್ಯ ನಾಲೆ ಮಂಡ್ಯದವರಿಗೆ ಅನ್ನ ಕೊಟ್ಟ ನೀರು, ಅದೇ ನೀರು ಕಿತ್ತುಕೊಂಡದ್ದೂ ಇದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಆ ದಿನದ ನೆನಪಿರುವ ಯಾರಿಗೂ ಅಂಥ ಫೋನ್ ಬಂದಾಗ ಆಗುವುದಿಲ್ಲ ಅನ್ನಲು ಬಾಯಿ ಬಾರದು.

ಆದರೂ ಹೇಳಬೇಕು. ಹವ್ಯಾಸಿ ಡೈವಿಂಗ್‌ನ ವೃತ್ತಿಪರ ಕಾರ್ಡು ಆ ಕೆಲಸಕ್ಕೆ ಅಲ್ಲ. ನಾವು ಕಲಿತದ್ದು ತಿಳಿನೀರು, ನೇರ ಮೇಲೆ ಬರುವ ದಾರಿ, ಪಕ್ಕದಲ್ಲಿ ಜೊತೆಗಾರ ಇರುವ ಲೋಕ. ನಾಲೆಯಲ್ಲಿ ಸೆಳವು, ಕೆಸರಿನಲ್ಲಿ ಕೈಗೆ ಕೈ ಕಾಣದ ಕತ್ತಲು, ಮುಳ್ಳುಕೊಂಬೆ, ತಂತಿ, ತೂಬಿನ ಬಾಯಿ. ಅಲ್ಲಿ ಹುಡುಕುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ದಡದಲ್ಲಿ ಆ ಹಗ್ಗ ಹಿಡಿದು ಸನ್ನೆ ತಿಳಿಯುವ ತಂಡದ ಜೊತೆ, ಬೇರೆಯದೇ ತರಬೇತಿ ಪಡೆದು ಇಳಿಯಬೇಕು. ಅಗ್ನಿಶಾಮಕ ಮತ್ತು ತುರ್ತು ಸೇವೆಯವರಿಗೆ, ಎನ್‌ಡಿಆರ್‌ಎಫ್‌ನವರಿಗೆ ಬಿಡಬೇಕಾದ ಕೆಲಸ. ಅಣೆಕಟ್ಟಿನ ಗೇಟು, ಸೇತುವೆಯ ಕಂಬ ಪರೀಕ್ಷಿಸುವ ಕಮರ್ಷಿಯಲ್ ಡೈವರ್‌ಗಳದ್ದು ಇನ್ನೂ ಬೇರೆ. ಅವರಿಗೆ ಗಾಳಿ ಬರುವುದೇ ಮೇಲಿನಿಂದ ಕೊಳವೆಯಲ್ಲಿ. ಹೆಸರಿನಲ್ಲಿ ಪ್ರೊಫೆಷನಲ್ ಅಂತ ಇದ್ದರೂ ಡೈವ್‌ಮಾಸ್ಟರ್ ಆ ಸಾಲಿಗೆ ಸೇರಿದವನಲ್ಲ. ಕೆ.ಆರ್.ಎಸ್. ಹಿನ್ನೀರಿನಲ್ಲೇ ಅಭ್ಯಾಸ ಮಾಡಬಹುದಲ್ಲ ಎಂದು ಅಕ್ಕನ ಮಗ ಕೇಳಿದ್ದಕ್ಕೂ ಬೇಡ ಎಂದೇ ಹೇಳಿದೆ. ಅಣೆಕಟ್ಟಿನ ನೀರು ಆಟದ ಜಾಗವಲ್ಲ. ಜೊತೆಗೆ 300 ಮೀಟರ್‌ಗಿಂತ ಎತ್ತರದ ನೀರಿನಲ್ಲಿ ಮುಳುಗುವ ಲೆಕ್ಕವೇ ಬೇರೆ, ಸಿಹಿನೀರಿನಲ್ಲಿ ಕಟ್ಟಿಕೊಳ್ಳುವ ಸೀಸದ ತೂಕವೂ ಬೇರೆ.

ಹಾಗಾದರೆ ಊರಿಗೆ ಈ ಕಲಿಕೆಯಿಂದ ಏನೂ ಇಲ್ಲವೇ? ಇದೆ, ಅದು ದಡದ ಮೇಲೆ. ರೆಸ್ಕ್ಯೂ ಹಂತದಲ್ಲಿ ಕಲಿಸುವ ಮೊದಲ ಪಾಠ: ಮುಳುಗುತ್ತಿರುವವನ ಹತ್ತಿರ ಹಾರಬೇಡ, ಕೈಗೆ ಸಿಕ್ಕದ್ದನ್ನು ಚಾಚು ಅಥವಾ ಎಸೆ. ಹಗ್ಗ, ಬಿದಿರಿನ ಗಳ, ಸೀರೆ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಗಾಳಿ ತುಂಬಿದ ಟ್ಯೂಬು. ಒಬ್ಬನನ್ನು ಉಳಿಸಲು ಹಾರಿ ಅಣ್ಣತಮ್ಮಂದಿರಿಬ್ಬರೂ ಹೋದ ಸುದ್ದಿಯನ್ನು ನಾವು ಎಷ್ಟು ಬೇಸಿಗೆಗಳಲ್ಲಿ ಓದಿಲ್ಲ?

ಎರಡನೆಯದು, ಮೇಲೆ ತಂದ ಮೇಲೆ ಏನು ಮಾಡಬೇಕೆಂಬುದು. ನಮ್ಮಲ್ಲಿ ಬೋರಲು ಮಲಗಿಸಿ ಬೆನ್ನು ಒತ್ತುತ್ತಾರೆ, ಕಾಲು ಹಿಡಿದು ತಲೆಕೆಳಗಾಗಿ ಎತ್ತುತ್ತಾರೆ, ಹೊಟ್ಟೆ ಅಮುಕಿ ನೀರು ತೆಗೆಯುತ್ತಾರೆ. ಅದರಲ್ಲಿ ಹೋಗುವ ಒಂದೊಂದು ನಿಮಿಷವೂ ಆ ಜೀವಕ್ಕೆ ನಷ್ಟ. ಮುಳುಗಿದವನಿಗೆ ಬೇಕಾಗಿರುವುದು ಆಮ್ಲಜನಕ. ಅಂಗಾತ ಮಲಗಿಸಿ, ಉಸಿರಿಲ್ಲದಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ ಮೊದಲು ಬಾಯಿಂದ ಬಾಯಿಗೆ ಉಸಿರು ಕೊಡಬೇಕು, ನಂತರ ಎದೆ ಒತ್ತಬೇಕು, 30 ಸಲ ಒತ್ತಿದರೆ 2 ಉಸಿರು, ಹೀಗೆ ನಿಲ್ಲಿಸದೆ. ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ವಾಂತಿ ಬಂದರೆ ತಲೆ ಪಕ್ಕಕ್ಕೆ ತಿರುಗಿಸಿ ಬಾಯಿ ಒರೆಸಿ ಮುಂದುವರಿಸಬೇಕು. ಕಣ್ಣುಬಿಟ್ಟು ಎದ್ದು ಕುಳಿತರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಇದನ್ನು ಬೊಂಬೆಯ ಮೇಲೆ ಕೈಯಾರೆ ಮಾಡಿ ಕಲಿತಿರುವ ಒಬ್ಬರು ನಾಲೆ ಹರಿಯುವ ಪ್ರತಿ ಹಳ್ಳಿಯಲ್ಲೂ ಇರಬೇಕೆಂಬುದು ನನ್ನ ಆಸೆ. ಅದಕ್ಕೆ ಡೈವ್‌ಮಾಸ್ಟರ್ ಆಗಬೇಕಿಲ್ಲ, ಸಮುದ್ರಕ್ಕೂ ಹೋಗಬೇಕಿಲ್ಲ. ನನಗೆ ಮಾತ್ರ ಅದು ಸಮುದ್ರದ ದಾರಿಯಲ್ಲಿ ಸಿಕ್ಕಿತು.

ಇಷ್ಟು ಹೇಳಿದ ಮೇಲೂ ಅವನು ಕೇಳಿದ, "ಅಂದ್ರೆ ಮಾಡ್ಲಾ, ಬ್ಯಾಡ್ವಾ?"

ಓಪನ್ ವಾಟರ್ ಮಾಡು, ಸಾಧ್ಯವಾದರೆ ರೆಸ್ಕ್ಯೂವರೆಗೆ ಹೋಗು, ಆಮೇಲೆ ಮನೆಗೆ ಬಾ ಎಂದೆ. ಎರಡು ಮೂರು ತಿಂಗಳಲ್ಲಿ ಸೊನ್ನೆಯಿಂದ ಡೈವ್‌ಮಾಸ್ಟರ್ ಮಾಡುವ ಕೋರ್ಸುಗಳು ಸುಳ್ಳಲ್ಲ, ನಿಯಮಕ್ಕೆ ಹೊಂದಿಯೇ ಇರುತ್ತವೆ. ಆದರೆ ಒಂದೇ ಬಂಡೆಯ ಸುತ್ತ, ಒಂದೇ ಬೆಚ್ಚಗಿನ ತಿಳಿನೀರಿನಲ್ಲಿ ಮಾಡಿದ 60 ಡೈವ್‌ಗಳು ಬೇರೆ. ನೇತ್ರಾಣಿ, ಪುದುಚೇರಿ, ಅಂಡಮಾನ್ ಎಂದು ಬೇರೆ ಬೇರೆ ನೀರಿನಲ್ಲಿ, ಸೆಳವು ಇದ್ದ ದಿನ, ಮಬ್ಬು ನೀರಿನ ದಿನ ಸೇರಿ ಆದ 60 ಬೇರೆ. ಲಾಗ್‌ಬುಕ್ಕಿನಲ್ಲಿ ಎರಡೂ 60 ಎಂದೇ ಕಾಣುತ್ತವೆ. ನಿನ್ನ ಸಂಪಾದನೆಯಲ್ಲಿ ವರ್ಷಕ್ಕೆ ಹತ್ತು ಹದಿನೈದು ಡೈವ್ ಮಾಡು, ಆಗಲೂ ಈ ಹಂಬಲ ಉಳಿದಿದ್ದರೆ ನಾನೇ ಅಕ್ಕನ ಹತ್ತಿರ ಮಾತಾಡುತ್ತೇನೆ ಎಂದೆ.

ದುಡ್ಡು ಕಟ್ಟುವ ಮೊದಲು ಕೇಳಬೇಕಾದದ್ದನ್ನೂ ಬರೆಸಿದೆ. ಒಬ್ಬ ಇನ್‌ಸ್ಟ್ರಕ್ಟರ್ ಒಂದೇ ಸಲ ಎಷ್ಟು ಜನ ಡೈವ್‌ಮಾಸ್ಟರ್‌ಗಳನ್ನು ತಯಾರು ಮಾಡುತ್ತಾರೆ? ನಿಜವಾದ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡಲು ಬಿಡುತ್ತಾರೋ, ಸಿಲಿಂಡರ್ ಮಾತ್ರ ಹೊರಿಸುತ್ತಾರೋ? ಪುಸ್ತಕ, ಅರ್ಜಿ ಶುಲ್ಕ, ಮೊದಲ ವರ್ಷದ ಸದಸ್ಯತ್ವ ಹೇಳಿದ ಮೊತ್ತದೊಳಗೇ ಇದೆಯೇ? ದೋಣಿಯಲ್ಲಿ ಆಕ್ಸಿಜನ್ ಕಿಟ್ ಇದೆಯೇ, ತೋರಿಸಿ ಎಂದರೆ ತೋರಿಸುತ್ತಾರೆಯೇ? ಬೆಂಡ್ಸ್ ಆದರೆ ಅದಕ್ಕೆ ಚಿಕಿತ್ಸೆ ಕೊಡುವ ಹತ್ತಿರದ ಒತ್ತಡದ ಚೇಂಬರ್ ಎಲ್ಲಿದೆ, ಅಲ್ಲಿಗೆ ಹೇಗೆ ಕರೆದೊಯ್ಯುತ್ತಾರೆ? ಈ ಕೊನೆಯ ಪ್ರಶ್ನೆಗೆ ತಡವರಿಸುವವರ ಹತ್ತಿರ ಕಲಿಯಬೇಡ ಎಂದೂ ಹೇಳಿದೆ. ಅವನಿಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು. ಹಾಗಾಗಿ ಎಲ್ಲಕ್ಕಿಂತ ಮೊದಲು ವೈದ್ಯರ ಹತ್ತಿರ ಹೋಗಿ, ಅದನ್ನು ಮುಚ್ಚಿಡದೆ ಹೇಳಿ, ಅವರು ಒಪ್ಪಿದರೆ ಮಾತ್ರ ಉಳಿದದ್ದು.

ಹೋದ ವಾರ ಶ್ವಾಸಕೋಶದ ಪರೀಕ್ಷೆ ಮಾಡಿಸಿದ, ವೈದ್ಯರು ಒಪ್ಪಿದ್ದಾರೆ. ಈಗ ಬೆಳಿಗ್ಗೆ ಈಜುಕೊಳಕ್ಕೆ ಹೋಗುತ್ತಿದ್ದಾನೆ. ನಿನ್ನೆ ಫೋನ್ ಮಾಡಿ 400 ಮೀಟರ್‌ಗೆ 14 ನಿಮಿಷ ಆಯಿತು ಅಂದ. ಆರೂವರೆ ನಿಮಿಷದೊಳಗೆ ಮುಗಿಸಿದವರಿಗೆ ಪೂರ್ತಿ 5 ಅಂಕ, 13 ನಿಮಿಷ ದಾಟಿದರೆ 1 ಅಂಕ ಎಂದು ಅವನಿಗೆ ಗೊತ್ತು.

"ನಡುವೆ ನಿಂತ್ಯೇನೋ?"

"ನಿಲ್ಲಲಿಲ್ಲ ಮಾವ. ಮೊದಮೊದಲು ದಮ್ಮು ಕಟ್ಟಿ ಒಂದೇ ಸಲ ಆ ಕಡೆ ಹೋಗ್ತಿದ್ದೆ, ಎರಡನೇ ಸಲಕ್ಕೇ ಸುಸ್ತಾಗ್ತಿತ್ತು. ಈಗ ಮುಖ ನೀರಲ್ಲಿಟ್ಟೇ ಉಸಿರು ಬಿಡ್ತೀನಿ."